ದೊಡ್ಡ ಸ್ವಿಚ್ಚಿನ ಭ್ರಮೆ

ವೈಜ್ಞಾನಿಕ ದತ್ತಾಂಶ ಹಿಡಿಯಲು ನೆಟ್‌ವರ್ಕ್ ಕಟ್ಟುವ ಮಾತು ಬಂದರೆ ನಮ್ಮ ಸಂಸ್ಥೆಗಳಲ್ಲಿ ಮೊದಲು ಕೇಳಿಬರುವ ಸಲಹೆ ಒಂದೇ: 100 ಗಿಗಾಬಿಟ್ ಸ್ವಿಚ್ ತನ್ನಿ, ಉಳಿದದ್ದು ತಾನೇ ಸರಿಹೋಗುತ್ತದೆ. ಈ ಸಲಹೆಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಮರ್ಯಾದೆ ಸಿಕ್ಕಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸುಬ್ರಹ್ಮಣ್ಯ ಮತ್ತು ಸಂಗಡಿಗರು ಊಟಿ ರೇಡಿಯೊ ದೂರದರ್ಶಕಕ್ಕಾಗಿ ರೂಪಿಸಿ 2011ರಲ್ಲಿ ಪ್ರಕಟಿಸಿದ ವಿನ್ಯಾಸಕ್ಕೆ ಸಲ್ಲಬೇಕಾದ ಮರ್ಯಾದೆ ಮಾತ್ರ ಸಂದಿಲ್ಲ.

ಗೋವಿಂದ ಸ್ವರೂಪ್ ಕಟ್ಟಿದ ಆ ದೂರದರ್ಶಕದ ಪರಿಚಯ ಇಲ್ಲಿ ಬೇಡ. 530 ಮೀಟರ್ ಉದ್ದದ ಅದನ್ನು 264 ಬಿಡಿ ಘಟಕಗಳಾಗಿ ಕೆಲಸ ಮಾಡಿಸುವುದು ಯೋಜನೆ. 38 ಮೆಗಾಹರ್ಟ್ಸ್ ಪಟ್ಟಿಗೆ ಪ್ರತಿ ಘಟಕದಿಂದ ಸೆಕೆಂಡಿಗೆ ಕನಿಷ್ಠ 7.6 ಕೋಟಿ ಮಾದರಿ ಬೇಕು. ಮಾದರಿಗೊಂದು ಬೈಟ್ ಎಂದರೂ ಒಟ್ಟು ಸೆಕೆಂಡಿಗೆ 20 ಗಿಗಾಬೈಟ್. ತೊಡಕಿರುವುದು ಈ ಮೊತ್ತದಲ್ಲಲ್ಲ. ಎಲ್ಲ ಘಟಕಗಳ ಒಂದೇ ಕ್ಷಣದ ದತ್ತಾಂಶ ಒಂದೇ ಕಂಪ್ಯೂಟರಿನಲ್ಲಿ ಕೂಡಬೇಕು. ಎಲ್ಲವೂ ಒಂದೇ ಗಡಿಯಾರಕ್ಕೆ ನಡೆಯುವುದರಿಂದ ಒಮ್ಮೆಗೇ ಹೊರಡುತ್ತವೆ. ಭರತ ಹುಣ್ಣಿಮೆಯಂದು ಎಲ್ಲಮ್ಮನ ಗುಡ್ಡದ ದಾರಿ ನೋಡಿದ ಸವದತ್ತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ವರ್ಷದ ಸರಾಸರಿ ತೆಗೆದರೆ ಆ ರಸ್ತೆ ಬೇಕಾದಷ್ಟು ಅಗಲವೇ, ಜಾತ್ರೆಯ ದಿನ ಮಾತ್ರ ಸಾಲದು.

ಲೆಕ್ಕ ನೋಡಿ. ತಲಾ 1 ಗಿಗಾಬಿಟ್ ವೇಗದ 40 ಮೂಲಗಳು ಒಂದೇ 10 ಗಿಗಾಬಿಟ್ ಪೋರ್ಟಿಗೆ ನುಗ್ಗುತ್ತವೆ ಎನ್ನೋಣ. ಪ್ರತಿಯೊಂದೂ ಹತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ಕಳಿಸಿದರೆ ಸರಾಸರಿ 4 ಗಿಗಾಬಿಟ್. ಕ್ಯಾಟಲಾಗಿನ ಪ್ರಕಾರ ಚಿಂತೆಯೇ ಇಲ್ಲ. ಆದರೆ ನುಗ್ಗುವ ಹೊತ್ತಿನಲ್ಲಿ 30 ಗಿಗಾಬಿಟ್ ಹೆಚ್ಚುವರಿ. ಸ್ವಿಚ್ಚಿನ 12 ಮೆಗಾಬೈಟ್ ಬಫರ್ ಸುಮಾರು 3 ಮಿಲಿಸೆಕೆಂಡಿಗೆ ತುಂಬುತ್ತದೆ. ಆಮೇಲೆ ಬಂದ ಪ್ಯಾಕೆಟ್ ಬಿದ್ದುಹೋಗುತ್ತದೆ. ಇಂಥ ದತ್ತಾಂಶ ಸಾಗಿಸುವ ಯುಡಿಪಿಯಲ್ಲಿ ಬಿದ್ದದ್ದನ್ನು ಮತ್ತೆ ಕಳಿಸುವ ಏರ್ಪಾಡೇ ಇಲ್ಲ. ಆ ಕ್ಷಣದ ಆಕಾಶ ಮತ್ತೆ ಬರುವುದೂ ಇಲ್ಲ.

ಊಟಿ ವಿನ್ಯಾಸದ ಜಾಣ್ಮೆ ಇಲ್ಲೇ ಇದೆ. ದತ್ತಾಂಶ ಸ್ವಿಚ್ಚಿಗೆ ಬರುವ ಮೊದಲೇ ಎಫ್‌ಪಿಜಿಎ ಚಿಪ್ಪುಗಳ ನಡುವಿನ ನೇರ ಕೊಂಡಿಗಳಲ್ಲಿ, ದಾರಿಯಲ್ಲೇ ಸಂಸ್ಕರಣೆಗೊಂಡು, ಕೂಡುತ್ತ ಬರುತ್ತದೆ. ಕೊನೆಯ ಹಂತಕ್ಕೆ ಮಾತ್ರ ಅಂಗಡಿಯಲ್ಲಿ ಸಿಗುವ ಗಿಗಾಬಿಟ್ ಈಥರ್ನೆಟ್.

ಇದಕ್ಕೆ ಎದುರಾಗಿ ರೇಡಿಯೊ ಖಗೋಳಕ್ಕೆ ಉಪಕರಣ ಕಟ್ಟುವ ಬರ್ಕ್ಲಿಯ ಕ್ಯಾಸ್ಪರ್ ಪಂಥದವರ ವಾದವಿದೆ: ಈ ಜೋಡಣೆಯನ್ನೆಲ್ಲ ಸಿದ್ಧ ಸ್ವಿಚ್ಚಿಗೇ ಬಿಡಿ. ಖೋಡದದ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ ಕ್ಯಾಸ್ಪರ್ ಬೋರ್ಡುಗಳು, 10 ಗಿಗಾಬಿಟ್ ಈಥರ್ನೆಟ್, ಇನ್ಫಿನಿಬ್ಯಾಂಡ್ ಸೇರಿ ಚೆನ್ನಾಗಿಯೇ ದುಡಿಯುತ್ತಿವೆ, ನಿಜ. ಆದರೆ ಅಲ್ಲಿರುವುದು 30 ಆಂಟೆನಾ, ಊಟಿಯಲ್ಲಿ 264 ಘಟಕ. ಆ ಯಶಸ್ಸನ್ನೇ ತೋರಿಸಿ ಎಲ್ಲರಿಗೂ ಸಿದ್ಧ ಸ್ವಿಚ್ಚೇ ಸಾಕೆನ್ನುವ ನಮ್ಮ ವಿಮರ್ಶಕರು ಈ ವ್ಯತ್ಯಾಸವನ್ನು ನುಂಗಿಬಿಡುತ್ತಾರೆ. ಸ್ವಂತ ಜಾಲಕ್ಕೆ ಎಂಜಿನಿಯರುಗಳ ಶ್ರಮ ಹೆಚ್ಚು ಎಂಬ ಅವರ ಆಕ್ಷೇಪವನ್ನು ಒಪ್ಪುತ್ತೇನೆ. ಆ ಶ್ರಮದಿಂದ ಇಲ್ಲಿಯ ಹುಡುಗರು ಕಲಿತ ವಿದ್ಯೆಯನ್ನು ಅವರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ ಎನ್ನುವುದು ನನ್ನ ಸಿಟ್ಟು.

ಕೇಬಲ್ಲಿನದು ಸಣ್ಣ ಮಾತು. ತಾಮ್ರದ ಕ್ಯಾಟ್ 6ಎ 100 ಮೀಟರಿಗೆ ನಿಲ್ಲುತ್ತದೆ. 10 ಗಿಗಾಬಿಟ್ಟಿಗೆ ಓಎಂ3 ಫೈಬರ್ 300 ಮೀಟರಿಗೆ. 530 ಮೀಟರಿನ ಈ ತುದಿಯಿಂದ ಆ ತುದಿಗೆ ಸಿಂಗಲ್ ಮೋಡ್ ಫೈಬರೇ ಗತಿ. 326.5 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟು ಕೂತ ಉಪಕರಣದ ಬಳಿ ಫೈಬರ್ ಗದ್ದಲ ಸೂಸುವುದಿಲ್ಲ, ಸಿಡಿಲನ್ನೂ ಹೊತ್ತು ತರುವುದಿಲ್ಲ.

ಟೆಂಡರ್ ಬರೆಯುವವರಲ್ಲಿ ಒಂದು ಕೋರಿಕೆ: ಪೋರ್ಟಿನ ವೇಗ ಕೇಳುವ ಮೊದಲು ಬಫರಿನ ಅಳತೆ ಕೇಳಿ. ಎಲ್ಲ ಮೂಲಗಳನ್ನೂ ಒಮ್ಮೆಗೇ ಹರಿಸಿ ಪರೀಕ್ಷಿಸಿ. ಪ್ಯಾಕೆಟ್ ಬೀಳಿಸಿದ ಸ್ವಿಚ್ಚನ್ನು, ಹೆಸರು ಎಷ್ಟೇ ದೊಡ್ಡದಿರಲಿ, ವಾಪಸ್ ಕಳಿಸಿ.