ಎರಡೂವರೆ ಅಡಿಯ ರೈಲು

ರಾಜಾಜಿನಗರದವರಿಗೆ ಯಶವಂತಪುರವೆಂದರೆ ದೂರದೂರಿನ ಎಕ್ಸ್‌ಪ್ರೆಸ್ಸುಗಳ ಸ್ಟೇಷನ್. ಅಲ್ಲಿಂದಲೇ ಒಂದು ಪುಟ್ಟ ರೈಲು ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ದಾಟಿ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿತ್ತೆಂದರೆ ಈಗಿನ ಹುಡುಗರು ನಂಬುವುದಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾಗಿದ್ದ 1912–18ರ ಕಾಲದ ಮಾರ್ಗವದು. ಈ ಕಡೆಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಹಳಿ ಹಾಸುತ್ತ ಹೋಯಿತು. ಆ ಕಡೆ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರ ಜಿಲ್ಲಾ ರೈಲ್ವೆ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಬಳಸಿ ಬಂತು. ಎರಡೂ ಚಿಕ್ಕಬಳ್ಳಾಪುರದಲ್ಲಿ ಕೂಡಿದವು.

ಹಳಿಯಿಂದ ಹಳಿಗೆ 762 ಮಿಲಿಮೀಟರ್, ಬರೀ ಎರಡೂವರೆ ಅಡಿ. ಇಂದಿನ ಬ್ರಾಡ್‌ಗೇಜಿನ 1676 ಮಿಲಿಮೀಟರಿನ ಅರ್ಧವೂ ಇಲ್ಲ. ಜಾಗ ಕಡಿಮೆ ಸಾಕು, ಹಗುರ ಹಳಿ ಸಾಕು, ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಹೋಗಬಹುದು. ಕಡಿಮೆ ಹಣದಲ್ಲಿ ಹಳ್ಳಿಗೆ ರೈಲು ಮುಟ್ಟಿಸಲು ಅಂದು ಇದ್ದ ದಾರಿ ಅದೊಂದೇ.

ಆದರೆ ಬಂಗಾರಪೇಟೆಯಲ್ಲಿ ಕಾಯುತ್ತಿದ್ದದ್ದು ಬ್ರಾಡ್‌ಗೇಜ್, ಯಶವಂತಪುರದಲ್ಲಿ ಮೀಟರ್‌ಗೇಜ್. ಚಿಂತಾಮಣಿಯಲ್ಲಿ ಹತ್ತಿಸಿದ ಮೂಟೆ ಮದರಾಸಿಗೆ ಹೊರಡಲಿ, ಹುಬ್ಬಳ್ಳಿಗೆ ಹೊರಡಲಿ, ಕೊನೆಯಲ್ಲಿ ಹಮಾಲರ ಬೆನ್ನೇರಿ ಬೇರೆ ವ್ಯಾಗನ್ನಿಗೆ ಹೋಗಲೇಬೇಕು. ಇಳಿಸುವ ಕೂಲಿ, ಏರಿಸುವ ಕೂಲಿ, ನಡುವೆ ಕಾಯುವ ದಿನ. ಮಂಡಿಯ ಬಾಗಿಲಿಗೇ ಲಾರಿ ಬಂದು ನಿಂತ ಮೇಲೆ ಈ ತಾಪತ್ರಯ ಯಾರಿಗೆ ಬೇಕು? ಹಳ್ಳಿ ಸ್ಟೇಷನ್ನುಗಳಿಗೆ ಗಿರಾಕಿ ಇರಲಿಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಮಾರ್ಗ ಸೋತದ್ದು ಎರಡು ತುದಿಗಳಲ್ಲಿ, ನಡುವಿನ ಊರುಗಳಲ್ಲಲ್ಲ.

2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಬ್ರಾಡ್‌ಗೇಜ್ ರೈಲು ಓಡಿತು, ಹಳೆಯ ಹಳಿಯ ಕಥೆ ಪೂರ್ತಿ ಮುಗಿಯಿತು. ಉಳಿದದ್ದು ಕಟ್ಟಡಗಳು. ಕಲ್ಲಿನ ಗೋಡೆ, ಇಳಿಜಾರು ಹೆಂಚಿನ ಮಾಡು. ದೊಡ್ಡ ಮನೆಯೊಂದರ ಪಡಸಾಲೆಗಿಂತ ಹೆಚ್ಚೇನೂ ಅಲ್ಲ. ರಟ್ಟಿನ ಟಿಕೆಟ್ಟಿನ ಕಾಲದಲ್ಲಿ ಒಂದು ಸಣ್ಣ ಊರಿಗೆ ಅಷ್ಟೇ ಸಾಕಿತ್ತು. ಆವತಿಯಂತೂ ಕೆಂಪೇಗೌಡರ ಪೂರ್ವಿಕರ ನೆಲೆ. ಬೆಂಗಳೂರು ಕಟ್ಟಿದ ಮನೆತನದ ಊರಿಗೆ ಬೆಂಗಳೂರಿನಿಂದ ಹೋಗಿ ಇಳಿಯುವ ಜಾಗ ಆವತಿಹಳ್ಳಿ ಸ್ಟೇಷನ್.

ಬೀಳುವ ಸ್ಥಿತಿಗೆ ಬಂದಿದ್ದ ಈ ಸ್ಟೇಷನ್ನುಗಳ ಜೀರ್ಣೋದ್ಧಾರಕ್ಕೆ ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಕೈಹಾಕಿದ್ದು ಪುಣ್ಯದ ಕೆಲಸ. ಗಾರೆ ಕೆಲಸದಷ್ಟೇ ಮುಖ್ಯವಾದದ್ದು ಮುಂದಿನ ಬಳಕೆ. ವಸ್ತುಸಂಗ್ರಹಾಲಯವಾಗಲಿ, ಕಾಫಿ ಅಂಗಡಿಯಾಗಲಿ, ನನ್ನ ತಕರಾರಿಲ್ಲ. ಆದರೆ ಒಂದು ಕಿಟಕಿಯಲ್ಲಿ ಟಿಕೆಟ್ ಸಿಗಬೇಕು. ಇದೇ ಮಾರ್ಗದಲ್ಲಿ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಶುರುವಾಯಿತು. ವಿಮಾನ ನಿಲ್ದಾಣದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ದೇವನಹಳ್ಳಿ, ಆವತಿಹಳ್ಳಿಗಳಲ್ಲಿ ನಿಲ್ಲುವ ರೈಲುಗಳನ್ನು ಎರಡೂ ದಿಕ್ಕಿನಿಂದ ಬಿಡಲಿ. ಮೊದಲು ಆಗಬೇಕಾದದ್ದು ಅದು.