ಎರಡನೇ ಸಲ ಓದಿದ ಕ್ಯಾಟ್ ಪೇಪರು

ಸಿನಿಮಾಕ್ಕೆ ವಿಮರ್ಶೆ ಬರೀತೀವಿ, ಕಾದಂಬರಿಗೆ ಬರೀತೀವಿ, ಮನೆಗೆ ತರಿಸಿಕೊಂಡ ಬಿರಿಯಾನಿಗೂ ಸ್ಟಾರ್ ಕೊಟ್ಟು ನಾಲ್ಕು ಸಾಲು ಬರೀತೀವಿ. ಆದರೆ ವರ್ಷಕ್ಕೊಮ್ಮೆ, ಒಂದೇ ದಿನ, ಸುಮಾರು ಮೂರು ಲಕ್ಷ ಜನ ಉಸಿರು ಬಿಗಿಹಿಡಿದು ಓದುವ ಬರಹ ಒಂದಿದೆ. ಅದರ ಬಗ್ಗೆ ಯಾರೂ ವಿಮರ್ಶೆ ಅಂತ ಬರೆಯೋದಿಲ್ಲ. ಕ್ಯಾಟ್ ಪ್ರಶ್ನೆಪತ್ರಿಕೆಯ ಮಾತು ಹೇಳ್ತಿದ್ದೇನೆ. ಪರೀಕ್ಷೆ ಮುಗಿದ ಸಂಜೆಗೇ ಯೂಟ್ಯೂಬಿನಲ್ಲಿ ‘ಅನಾಲಿಸಿಸ್’ ಬಂದುಬಿಡುತ್ತೆ: ಈ ಸಲ ಇಂಗ್ಲಿಷ್ ಸಲೀಸು, ಲಾಜಿಕ್ ಕಷ್ಟ, 99 ಪರ್ಸೆಂಟೈಲಿಗೆ ಇಷ್ಟು ಮಾರ್ಕ್ಸ್ ಸಾಕು. ಅದು ಹವಾಮಾನ ವರದಿ ಅಷ್ಟೆ. ನಾಳೆ ಮಳೆ ಬರುತ್ತೋ ಇಲ್ಲವೋ ಅನ್ನೋದು ಗೊತ್ತಾಗುತ್ತೆ, ಮಳೆ ಹೇಗಿತ್ತು ಅನ್ನೋದು ಗೊತ್ತಾಗಲ್ಲ.

ಮೊದಲನೇ ಸಲ ಬರೆಯುವವನಿಗೆ ಪೇಪರು ಕಾಣೋದಿಲ್ಲ, ಗಡಿಯಾರ ಕಾಣುತ್ತೆ. 2020ರಿಂದ ಪರೀಕ್ಷೆ ಎರಡು ತಾಸಿನದು. ಮೂರು ಭಾಗ, ಭಾಗಕ್ಕೆ 40 ನಿಮಿಷ, ಒಂದರಿಂದ ಇನ್ನೊಂದಕ್ಕೆ ಹೋದ ಮೇಲೆ ಹಿಂದಕ್ಕೆ ಬರೋ ಹಾಗಿಲ್ಲ. ಸರಿ ಉತ್ತರಕ್ಕೆ 3, ತಪ್ಪಿಗೆ 1 ಕಟ್. ಈಗ ಎರಡನೇ ಸಲಕ್ಕೆ ತಯಾರಿ ನಡೆಸಿದ್ದೇನೆ. ವರ್ಕ್ ಫ್ರಂ ಹೋಮ್ ಅಂತ ಖಾನಾಪುರದ ಹತ್ತಿರದ ನಮ್ಮೂರಲ್ಲಿ ಇದ್ದೇನೆ, ಶನಿವಾರ ಭಾನುವಾರ ಬಸ್ಸು ಹತ್ತಿ ಬೆಳಗಾವಿಗೆ ಹೋಗಿ ಟಿಳಕವಾಡಿಯ ಒಂದು ಓದೋ ಕೋಣೆಯಲ್ಲಿ ಕೂರುತ್ತೇನೆ. ಮೂವತ್ತು ದಾಟಿದವನು ಇಪ್ಪತ್ತೊಂದರ ಹುಡುಗರ ನಡುವೆ ಕೂತರೆ ಅಲ್ಲಿನವರು ಒಂಥರಾ ಮರ್ಯಾದೆ ಕೊಡ್ತಾರೆ, ಸರ್ ಅಂತಾರೆ. ಅಲ್ಲಿ ಕೂತು ಟೈಮರ್ ಹಚ್ಚದೆ, ಹಳೇ ಪೇಪರುಗಳನ್ನು ಪುಸ್ತಕ ಓದೋ ಹಾಗೆ ಓದಿದೆ. ಈ ಬರಹ ಆ ಓದಿನದು.

ಗಣಿತದ ಬಗ್ಗೆ ಹೇಳೋದು ಕಡಿಮೆ. ಬಿಇ ಮಾಡಿದವನಿಗೆ ಅಲ್ಲಿ ಅಚ್ಚರಿ ಏನಿಲ್ಲ, ಅಭ್ಯಾಸ ಬೇಕು, ಅಷ್ಟೆ. ಡೇಟಾ ಮತ್ತು ಲಾಜಿಕ್ ಭಾಗದಲ್ಲಿ ಯಾವ ಸೆಟ್ ಬಿಡಬೇಕು ಅನ್ನೋದೇ ಅರ್ಧ ವಿದ್ಯೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಓದಿ ಅರ್ಥಮಾಡಿಕೊಳ್ಳುವ ಭಾಗ, ನಾಲ್ಕು ಪ್ಯಾಸೇಜು, ಒಂದೊಂದಕ್ಕೆ ನಾಲ್ಕು ಪ್ರಶ್ನೆ.

2018ರ ಪೇಪರಿನಲ್ಲಿ ಆನೆಗಳ ಮೇಲೊಂದು ಪ್ಯಾಸೇಜು ಇದೆ. ಗೇ ಬ್ರ್ಯಾಡ್‌ಶಾ ಎಂಬ ಮನಶ್ಶಾಸ್ತ್ರಜ್ಞೆಯ ವಾದ ಅದು. ಮನುಷ್ಯ ಮತ್ತು ಆನೆಯ ಸಂಬಂಧ ಕೆಟ್ಟಿದೆ. ದಶಕಗಟ್ಟಲೆ ಬೇಟೆ, ಕೊಲ್ಲುವಿಕೆ, ಕಾಡಿನ ನಾಶದಿಂದ ಆನೆಗಳ ಕುಟುಂಬವೇ ಒಡೆದುಹೋಗಿದೆ. ಅಜ್ಜಿ, ಚಿಕ್ಕಮ್ಮಂದಿರ ನಡುವೆ ಬೆಳೆಯಬೇಕಾದ ಮರಿಗಳು ಹಾಗೆ ಬೆಳೆಯುತ್ತಿಲ್ಲ. ಇದೊಂದು ಇಡೀ ಕುಲಕ್ಕೆ ಆದ ಮಾನಸಿಕ ಗಾಯ. ಅದನ್ನು ಬೆಂಗಳೂರಿನ ಪಿಜಿಯಲ್ಲಿ ಕೂತು ಓದಿದರೆ ಒಳ್ಳೇ ಡಾಕ್ಯುಮೆಂಟರಿ. ಖಾನಾಪುರ ತಾಲೂಕಿನಲ್ಲಿ ಕೂತು ಓದಿದರೆ ಬೇರೆ. ನಮ್ಮಲ್ಲಿ ದಾಂಡೇಲಿ ಕಡೆಯಿಂದ ಆನೆ ಬರ್ತಾವೆ. ಭತ್ತ ತೆನೆ ಬಿಟ್ಟಾಗ, ಕಬ್ಬು ಸಿಹಿಯಾದಾಗ ಬರ್ತಾವೆ. ರಾತ್ರಿ ಪಟಾಕಿ, ಡಬ್ಬ ಬಡಿಯೋ ಸದ್ದು, ಬೆಳಿಗ್ಗೆ ಹೊಲದಲ್ಲಿ ತುಳಿದ ಗುರುತು, ಆಮೇಲೆ ಪರಿಹಾರದ ಅರ್ಜಿ. ಹಾಗಾಗಿ ಈ ಪ್ಯಾಸೇಜಿನ ವಿಷಯದಲ್ಲಿ ನಮ್ಮೂರಿನವರಿಗೆ ಲೇಖಕರಿಗಿಂತ ಎರಡು ಮಾತು ಹೆಚ್ಚೇ ಗೊತ್ತು.

ಪ್ರಶ್ನೆ ಬರೋದು ಇಲ್ಲಿ. ಆ ಸಂಬಂಧ ಬದಲಾದದ್ದನ್ನು ಹೇಳುವಾಗ ಬ್ರ್ಯಾಡ್‌ಶಾ ‘ಹಿಂಸೆ’ ಅನ್ನೋ ಪದವನ್ನು ಯಾಕೆ ಬಳಸಿದರು ಅಂತ ಕೇಳ್ತಾರೆ. ಆಯ್ಕೆಗಳಲ್ಲಿ ಒಂದು, ಮನುಷ್ಯ ಆನೆಗಳನ್ನೂ ಅವುಗಳ ನೆಲೆಯನ್ನೂ ನಾಶ ಮಾಡಿದ್ದಾನೆ ಎಂಬ ಅರ್ಥದ್ದು. ನಮ್ಮ ಕಡೆಯವರು ಯಾರೇ ಆಗಲಿ ಕಣ್ಣು ಮುಚ್ಚಿ ಅದಕ್ಕೇ ಒತ್ತುತ್ತಾರೆ, ಯಾಕೆಂದರೆ ಅದು ನಿಜ. ಆದರೆ ಸರಿ ಉತ್ತರ ಬೇರೆ: ಎರಡೂ ಕಡೆಯ ಆಕ್ರಮಣದಲ್ಲಿ ಒಂದು ಉದ್ದೇಶ ಇದೆ, ಅದಕ್ಕೇ ‘ಹಿಂಸೆ’. ಸುಮ್ಮನೆ ಎದುರಾಬದುರಾಗಿ ಆದ ಘರ್ಷಣೆಗೂ ಬೇಕಂತಲೇ ಮಾಡಿದ ಹಿಂಸೆಗೂ ಇರುವ ವ್ಯತ್ಯಾಸವನ್ನು ಆ ಪದ ಹೊತ್ತುಕೊಂಡಿದೆ.

ಇದು ಒಳ್ಳೇ ಪ್ರಶ್ನೆ. ಕೇಳಿದ್ದು ಪದದ ಬಗ್ಗೆ, ಲೋಕದ ಬಗ್ಗೆ ಅಲ್ಲ. ನಿಜವಾದ ಮಾತೊಂದು ಕೇಳಿದ ಪ್ರಶ್ನೆಗೆ ಉತ್ತರ ಆಗಿರಲೇಬೇಕು ಅಂತೇನಿಲ್ಲ. ಆಫೀಸಿನ ರಿವ್ಯೂ ಮೀಟಿಂಗುಗಳಲ್ಲಿ ನಾವು ದಿನಾ ನೋಡೋದು ಇದನ್ನೇ: ಸರ್ವರ್ ಯಾಕೆ ಬಿತ್ತು ಅಂದರೆ ನಮ್ಮ ಕೋಡ್‌ಬೇಸ್ ಹಳೇದು ಅಂತಾರೆ. ನಿಜಾನೇ, ಆದರೆ ಉತ್ತರ ಅಲ್ಲ. ಮ್ಯಾನೇಜ್‌ಮೆಂಟ್ ಕಲಿಯೋಕೆ ಬರುವವರಿಗೆ ಇಂಥ ಪ್ರಶ್ನೆ ಕೇಳೋದರಲ್ಲಿ ಅರ್ಥ ಇದೆ. ಕ್ಯಾಟನ್ನು ಬೈಯ್ಯುವವರು ಬಹಳ, ನಾನೂ ಮುಂದೆ ಬೈಯ್ಯೋನಿದ್ದೇನೆ, ಆದರೆ ಈ ಭಾಗವನ್ನು ತಯಾರಿಸುವವರಿಗೆ ಓದೋದು ಅಂದರೇನು ಅಂತ ಗೊತ್ತಿದೆ.

ಗೊತ್ತಿಲ್ಲದಿರೋದು ಕಲಿಸುವವರಿಗೆ. ನಾನು ಸ್ವಲ್ಪ ದಿನ ಹೋದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಇದೇ ಭಾಗಕ್ಕೆ ಸೂತ್ರ ಕೊಡ್ತಿದ್ದರು. ‘ಯಾವಾಗಲೂ’, ‘ಎಲ್ಲರೂ’ ಅಂತ ಇರೋ ಆಯ್ಕೆ ತಪ್ಪು. ಮೊದಲ ಪ್ಯಾರಾ, ಕೊನೇ ಪ್ಯಾರಾ ಓದು, ನಡುವಿನದು ಬಿಡು. ಪ್ರಶ್ನೆ ಮೊದಲು ಓದು, ಆಮೇಲೆ ಪ್ಯಾಸೇಜಿನಲ್ಲಿ ಆ ಪದ ಹುಡುಕು. ಇದೆಲ್ಲ ಕಂಟ್ರೋಲ್-ಎಫ್ ಒತ್ತಿ ಓದುವ ವಿದ್ಯೆ. ಮೇಲಿನ ಆನೆ ಪ್ರಶ್ನೆಗೆ ಈ ಮೂರೂ ಸೂತ್ರ ಹಾಕಿ ನೋಡಿ, ಒಂದೂ ಕೆಲಸ ಮಾಡಲ್ಲ. ಪೇಪರು ಓದುವವನನ್ನು ಹುಡುಕುತ್ತಿದೆ, ಕ್ಲಾಸು ಓದದೇ ಇರೋದನ್ನು ಕಲಿಸುತ್ತಿದೆ. ಫೀ ಮಾತ್ರ ಓದಿಗೇ ತಗೋತಾರೆ.

ಇನ್ನು ನಾರ್ಮನ್ ಲೂಯಿಸ್. ‘ವರ್ಡ್ ಪವರ್ ಮೇಡ್ ಈಜಿ’ ಬಂದದ್ದು 1949ರಲ್ಲಿ. ಪುಸ್ತಕ ಚೆನ್ನಾಗಿದೆ, ತಮಾಷೆಯಾಗಿ ಓದಿಸಿಕೊಂಡು ಹೋಗುತ್ತೆ. ಆದರೆ ಪದದ ಅರ್ಥವನ್ನು ನೇರವಾಗಿ ಕೇಳೋದನ್ನು ಕ್ಯಾಟ್ ಬಿಟ್ಟು ವರ್ಷಗಳಾದವು. ಹಾಗಿದ್ದೂ ನಮ್ಮ ಕಡೆ ಹುಡುಗರು ಇಂಗ್ಲಿಷ್ ವೀಕ್ ಅಂದಕೂಡಲೇ ಮೊದಲು ಕೊಳ್ಳೋದು ಅದನ್ನೇ. ಕನ್ನಡ ಮೀಡಿಯಮ್ಮಿನಿಂದ ಬಂದವರ ಕೊರತೆ ಪದದ್ದು ಅಂತ ಎಲ್ಲರೂ ತಿಳಿದಿದ್ದಾರೆ. ನನಗೆ ಹಾಗನ್ನಿಸಲ್ಲ. ಈ ಪ್ಯಾಸೇಜುಗಳು ಒಂದು ಜಾತಿಯ ಪ್ರಬಂಧ. ಏಯಾನ್‌ನಂಥ ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ಐನೂರು ಪದಕ್ಕೆ ಇಳಿಸಿರ್ತಾರೆ. ಎಲ್ಲರೂ ನಂಬಿದ ಒಂದು ಮಾತಿನಿಂದ ಶುರುವಾಗಿ, ಅದು ಅಷ್ಟು ಸರಳ ಅಲ್ಲ ಅಂತ ತಿರುಗಿ, ಕೊನೆಗೆ ಲೇಖಕ ತಾನೂ ಪೂರ್ತಿ ಒಪ್ಪದ ಜಾಗದಲ್ಲಿ ನಿಲ್ಲುತ್ತೆ. ಆ ತಿರುವಿನ ಅಭ್ಯಾಸ ಬೇಕು. ಲಂಕೇಶರ ‘ಟೀಕೆ ಟಿಪ್ಪಣಿ’ ಓದಿಕೊಂಡು ಬೆಳೆದವನಿಗೆ ಲೇಖಕನ ಧಾಟಿ ಯಾವುದು ಅನ್ನೋ ಪ್ರಶ್ನೆ ಹೊಸದಲ್ಲ. ಹೊಗಳುವ ಹಾಗೆ ಕಂಡು ತಿವಿಯೋದು, ಬೈದ ಹಾಗೆ ಕಂಡು ಮೆಚ್ಚೋದು, ಎಲ್ಲ ಅಲ್ಲೇ ಇದೆ. ಆ ಓದನ್ನು ಇಲ್ಲಿಗೂ ತರಬಹುದು ಅಂತ ಯಾವ ಕೋಚಿಂಗ್ ಕ್ಲಾಸಿನವರೂ ಹೇಳಿಕೊಡಲ್ಲ.

ಕನ್ನಡದಲ್ಲೇ ಕ್ಯಾಟ್ ಬೇಕು ಅಂತ ಕೇಳುವ ಗೆಳೆಯರಿದ್ದಾರೆ. ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆ, ನೀಟ್ ಅದಕ್ಕೂ ಮುಂಚೆಯಿಂದ ಇದೆ, ಇದ್ಯಾಕಿಲ್ಲ ಅನ್ನೋದು ಅವರ ವಾದ. ಗಣಿತ, ಲಾಜಿಕ್ ಭಾಗಗಳ ಮಟ್ಟಿಗೆ ನನಗೂ ಒಪ್ಪಿಗೆ. ಒಂದು ವಾಕ್ಯದಲ್ಲಿ ಐದು ಷರತ್ತು ತುರುಕಿದ ಲಾಜಿಕ್ ಸೆಟ್ ಪರೀಕ್ಷಿಸಬೇಕಾದ್ದು ಲಾಜಿಕ್ಕನ್ನು. ಓದಿನ ಭಾಗಕ್ಕೆ ಮಾತ್ರ ಈ ಬೇಡಿಕೆ ಕೂರಲ್ಲ. ಅಲ್ಲಿ ಕಲಿಸೋದೇ ಇಂಗ್ಲಿಷಿನಲ್ಲಿ.

ಈಗ ಬೈಗುಳ. ಪ್ಯಾರಾಜಂಬಲ್ ಅಂತ ಒಂದು ಬಗೆ ಇದೆ. ನಾಲ್ಕು ವಾಕ್ಯ ಕಲಸಿ ಕೊಡ್ತಾರೆ, ಸರಿಯಾದ ಕ್ರಮ ಟೈಪ್ ಮಾಡಬೇಕು. ನಾಲ್ಕು ವಾಕ್ಯಕ್ಕೆ 24 ಕ್ರಮ ಸಾಧ್ಯ, ಸರಿ ಒಂದೇ. ಇದಕ್ಕೆ ನೆಗೆಟಿವ್ ಮಾರ್ಕ್ ಇಲ್ಲ. ತೊಂದರೆ ಏನೆಂದರೆ, ಎಷ್ಟೋ ಸಲ ಎರಡು ಕ್ರಮ ಸರಿಯಾಗೇ ಓದಿಸಿಕೊಳ್ಳುತ್ತವೆ. ಒಂದೇ ಸರಿ ಅನ್ನೋದಕ್ಕೆ ಆಧಾರ, ಮೂಲ ಲೇಖಕ ಹಾಗೆ ಬರೆದಿದ್ದ ಅನ್ನೋದು ಮಾತ್ರ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಔಟ್‌ಪುಟ್ ಸರಿ ಇದ್ದರೂ ನನ್ನ ಥರಾನೇ ಕೋಡ್ ಬರೆದಿಲ್ಲ ಅಂತ ಫೇಲ್ ಮಾಡೋ ಟೆಸ್ಟ್ ಕೇಸು. ಇನ್ನೂ ಒಂದು ಮಾತಿದೆ. ನಮ್ಮೂರ ಕಟ್ಟೆ ಮೇಲೆ ಯಾರಾದರೂ ಸುದ್ದಿ ಹೇಳಿದರೆ ಮೊದಲು ಆದದ್ದೇನು ಅನ್ನೋದು ಬರುತ್ತೆ, ಆಮೇಲೆ ಅವನು ಯಾರ ಮಗ, ಆಮೇಲೆ ಅವರಪ್ಪ ಏನು ಮಾಡಿದ್ದ, ಕೊನೆಗೆ ಯಾಕಾಯ್ತು. ಅದೂ ಒಂದು ಕ್ರಮ, ಕೇಳುವವರಿಗೆ ಏನೂ ಗೊಂದಲ ಇಲ್ಲ. ಪ್ಯಾರಾಜಂಬಲ್ ಅಳೆಯೋದು ತರ್ಕವನ್ನಲ್ಲ, ಒಂದು ಬಗೆಯ ಶಾಲೆಯಲ್ಲಿ ಕಲಿತ ಶಿಸ್ತನ್ನು.

ಫಲಿತಾಂಶದ ರೀತಿಯನ್ನೂ ಓದಬೇಕು. ಎರಡನೇ ಸಲ ಬರೀತೀನಿ ಅಂದಾಗ ಅಪ್ಪ ಕೇಳಿದರು, “ಯಾಕೋ, ಹ್ವಾದ ಸಲ ಪಾಸ್ ಆಗ್ಲಿಲ್ಲೇನು?”

“ಪಾಸು ಫೇಲು ಇರೂದಿಲ್ಲಪಾ. ಪರ್ಸೆಂಟೈಲ್ ಇರತೈತಿ.”

“ಹಂಗಂದ್ರ?”

“ನನ್ನ ಹಿಂದ ಎಷ್ಟು ಮಂದಿ ಅದಾರ ಅಂತ ಲೆಕ್ಕ.”

“ಹಿಂದಿನ ಮಂದಿ ತಗೊಂಡು ಏನ್ ಮಾಡ್ತಿ? ಮುಂದ ಎಷ್ಟು ಮಂದಿ ಅದಾರ, ಅದನ್ನ ಹೇಳು.”

ಲೆಕ್ಕ ಹಾಕಿದೆ. 2024ರಲ್ಲಿ ಸುಮಾರು 2.93 ಲಕ್ಷ ಜನ ಬರೆದರು. 99 ಪರ್ಸೆಂಟೈಲ್ ಅಂದರೆ ಮುಂದೆ ಸುಮಾರು 2,930 ಮಂದಿ. 95 ಅಂದರೆ 14,650. ಎರಡು ಪರ್ಸೆಂಟೈಲ್ ಏರಬೇಕಾದರೆ ಸುಮಾರು 5,860 ಜನರನ್ನು ದಾಟಬೇಕು, ನಮ್ಮ ಕಡೆಯ ಎಷ್ಟೋ ಹಳ್ಳಿಗಳ ಜನಸಂಖ್ಯೆಗಿಂತ ಹೆಚ್ಚು. ಅವರೂ ಈ ವರ್ಷ ಓದ್ತಿದ್ದಾರೆ, ಅವರಲ್ಲಿ ಎಷ್ಟೋ ಜನರಿಗೆ ಇದು ಎರಡನೇ ಸಲ. ಹಾಗಾಗಿ ನಾನು ಹೋದ ಸಲಕ್ಕಿಂತ ಚೆನ್ನಾಗಿ ಓದಿಯೂ ಹಿಂದೆ ಬೀಳಬಹುದು. ಎಲ್ಲರೂ ಒಟ್ಟಿಗೇ ಎರಡನೇ ಸಲ ಬರೆದದ್ದು ಒಂದೇ ಬಾರಿ. 2003ರ ನವೆಂಬರಿನ ಪೇಪರು ಸೋರಿಕೆಯಾಗಿ ಪರೀಕ್ಷೆ ರದ್ದಾಯ್ತು, 2004ರ ಫೆಬ್ರವರಿಯಲ್ಲಿ ಎಲ್ಲರೂ ಮತ್ತೆ ಕೂತರು. ಅವತ್ತೊಂದು ದಿನ ಮರುಪರೀಕ್ಷೆ ಅನ್ನೋ ಪದಕ್ಕೆ ನಾಚಿಕೆ ಇರಲಿಲ್ಲ.

ಒಂದು ಉಪಕಾರ ಮಾತ್ರ ಒಪ್ಪಬೇಕು. 2023ರ ಪ್ಯಾಸೇಜೊಂದು ಹಿಂದೂ ಮಹಾಸಾಗರದ ಸುತ್ತ ಬರೆದ ಕಾದಂಬರಿಗಳ ಬಗ್ಗೆ ಇದೆ. ಅಮಿತಾವ್ ಘೋಷ್, ಅಬ್ದುಲ್‌ರಜಾಕ್ ಗುರ್ನಾ ಹೆಸರು ಅಲ್ಲಿ ಬರುತ್ತೆ. ದೇಶ ಅನ್ನೋ ಚೌಕಟ್ಟು ಬಿಟ್ಟು ಬಂದರುಗಳ ಕಡೆಯಿಂದ ಕತೆ ನೋಡೋದು ಅನ್ನೋ ಮಾತು. ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಬಸ್ಸಿನಲ್ಲಿ ಕೇಳುವ, ಚೋರ್ಲಾ ಘಾಟ್ ಇಳಿದರೆ ಗೋವಾ ಸಿಗುವ ತಾಲೂಕಿನವನಿಗೆ ಇದು ಪರೀಕ್ಷೆ ಹಾಲಿನಲ್ಲಿ ನಾಲ್ಕು ಪ್ರಶ್ನೆಗೆ ಮುಗಿಯುವ ವಿಷಯ ಅಲ್ಲ. ನಲವತ್ತು ನಿಮಿಷದಲ್ಲಿ ಅದಕ್ಕೆ ಸಿಗೋದು ಹತ್ತು. ಟೈಮರ್ ಇಲ್ಲದೆ ಓದಿದ್ದಕ್ಕೇ ಅದು ಉಳಿಯಿತು.

ಇಷ್ಟೆಲ್ಲ ಆದ ಮೇಲೂ ಮರುಪರೀಕ್ಷೆ ಮುಟ್ಟಲಾರದ ಜಾಗ ಒಂದಿದೆ. ಬನ್ನೇರುಘಟ್ಟ ರಸ್ತೆಯ ನಮ್ಮದೇ ಐಐಎಂ ಪ್ರಕಟಿಸುವ ಆಯ್ಕೆಯ ಸೂತ್ರದಲ್ಲಿ ಕ್ಯಾಟ್ ಅಂಕದ ಜೊತೆ ಹತ್ತನೇ ತರಗತಿ, ಹನ್ನೆರಡನೇ ತರಗತಿ, ಡಿಗ್ರಿ ಅಂಕಗಳಿಗೂ ಪಾಲಿದೆ. ಎರಡು ವರ್ಷದ ಕೋರ್ಸಿನ ಫೀ 24 ಲಕ್ಷ ದಾಟಿದೆ. ಅದಕ್ಕೆ ಸಾಲ ಸಿಗುತ್ತೆ. ಕ್ಯಾಟನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು, ಮಿತಿ ಇಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಮಾತ್ರ ಹದಿನಾರನೇ ವಯಸ್ಸಿನದೇ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ಊರಲ್ಲಿ, ಇಂಗ್ಲಿಷ್ ಮೇಷ್ಟರ ಹುದ್ದೆ ಖಾಲಿ ಇದ್ದ ವರ್ಷ ಬರೆದ ಪರೀಕ್ಷೆ ಅದು. ಆ ಅಂಕವನ್ನು ಸೂತ್ರಕ್ಕೆ ಹಾಕಿದರೆ ನನಗೆ ಈ ಸಲ ಓದಿನ ಭಾಗದಲ್ಲಿ ಮೂರು ಪ್ರಶ್ನೆ ಹೆಚ್ಚು ಸರಿ ಬರಬೇಕು. ಅದಕ್ಕೇ ಪ್ಯಾರಾಜಂಬಲ್ಲುಗಳನ್ನು ಕೊನೇ ನಾಲ್ಕು ನಿಮಿಷಕ್ಕೆ ತಳ್ಳಿ, ಉಳಿದ 36 ನಿಮಿಷವನ್ನು ಪ್ಯಾಸೇಜುಗಳಿಗೇ ಇಟ್ಟುಕೊಂಡಿದ್ದೇನೆ.