ಎರಡು ಸೆಕೆಂಡಿನ ಕತ್ತಲು

ಕೆಲಸದ ನಡುವೆ ಮಾನಿಟರ್ ಒಮ್ಮೆಲೇ ಕಪ್ಪಾಗುತ್ತದೆ, ಎರಡು ಸೆಕೆಂಡಿನಲ್ಲಿ ಏನೂ ಆಗದಂತೆ ಮರಳುತ್ತದೆ. ರಿಪೇರಿ ಅಂಗಡಿಗೆ ಒಯ್ದರೆ ಬಹುತೇಕ ಸಿಗುವ ಸಲಹೆ, ವಿಂಡೋಸ್ ಹೊಸದಾಗಿ ಹಾಕಿಸಿ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಯಾವುದನ್ನೇ ಬಿಚ್ಚುವ, ಅಳಿಸುವ ಮೊದಲು ಆ ಕತ್ತಲನ್ನೇ ಕಣ್ಣಿಟ್ಟು ನೋಡಬೇಕು.

ರಾತ್ರಿ ಕೋಣೆಯ ದೀಪ ಆರಿಸಿ, ಕೈಯಲ್ಲಿ ಟಾರ್ಚು ಹಿಡಿದು ಕಾಯಿರಿ. ಪರದೆ ಕಪ್ಪಾದಾಗ ಟಾರ್ಚಿನ ಓರೆ ಬೆಳಕಿನಲ್ಲಿ ಅಕ್ಷರಗಳು ನೆರಳಿನಂತೆ ಕಂಡರೆ, ಚಿತ್ರ ಬರುತ್ತಲೇ ಇದೆ, ಹಿಂಬದಿಯ ಬ್ಯಾಕ್‌ಲೈಟ್ ಮಾತ್ರ ಕೈಕೊಟ್ಟಿದೆ. ಅದು ರಿಪೇರಿಯವರ ಕೆಲಸ. ಮಾನಿಟರಿನ ಪವರ್ ದೀಪವೂ ಜೊತೆಗೇ ಆರಿದರೆ ಅಡಾಪ್ಟರ್, ಸಡಿಲ ಪ್ಲಗ್ಗು, ಇನ್ವರ್ಟರ್ ಕಡೆ ನೋಡಿ. ಎರಡೂ ಅಲ್ಲ, ಕಂಪ್ಯೂಟರಿನಲ್ಲಿ ಹಾಕಿದ ಹಾಡು ಮಾತ್ರ ನಿಲ್ಲದೆ ಕೇಳುತ್ತಿದೆ ಎಂದರೆ ನನ್ನ ಮೊದಲ ಅನುಮಾನ ಕೇಬಲ್ ಮೇಲೆ.

ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 60 ಫ್ರೇಮಿನಂತೆ ಎಚ್‌ಡಿಎಂಐ ತಂತಿಯಲ್ಲಿ ಹರಿಯಬೇಕಾದದ್ದು ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್. ಅದೇ ವೇಗದ 4ಕೆ ಚಿತ್ರಕ್ಕೆ ಬೇಕಾದದ್ದು ಇದರ ನಾಲ್ಕು ಪಟ್ಟು, ಹೆಚ್ಚುಕಡಿಮೆ 18 ಗಿಗಾಬಿಟ್. ಹೊಸ ಮಾನಿಟರಿಗೆ ಹಳೆಯ ಕೇಬಲ್ಲನ್ನೇ ಸಿಕ್ಕಿಸಿದವರ ಮನೆಯಲ್ಲಿ ಈ ಕಾಯಿಲೆ ಶುರುವಾಗುವುದು ಇಲ್ಲಿಂದ. ಹಳೆಯ ಆಂಟೆನಾ ಟಿವಿಯಲ್ಲಿ ಸಿಗ್ನಲ್ ಕುಂದಿದಷ್ಟೂ ಚಿತ್ರ ಮಸುಕಾಗುತ್ತಿತ್ತು, ಮುನ್ಸೂಚನೆ ಸಿಗುತ್ತಿತ್ತು. ಡಿಜಿಟಲ್ ತಂತಿ ಹಾಗಲ್ಲ. ಮಿತಿಯ ಅಂಚಿನವರೆಗೂ ಚಿತ್ರ ನಿಚ್ಚಳವಾಗಿರುತ್ತದೆ. ಅಂಚು ದಾಟಿದರೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಮಿಂಚಬಹುದು, ಆಮೇಲೆ ಮಾನಿಟರ್ ಲಯ ತಪ್ಪಿ, ಸಿಗ್ನಲನ್ನು ಮತ್ತೆ ಹುಡುಕಿಕೊಳ್ಳುತ್ತದೆ. ಆ ಹುಡುಕಾಟದ ಹೊತ್ತೇ ನಮಗೆ ಕಾಣುವ ಕತ್ತಲು.

ಪರೀಕ್ಷೆಗೆ ಒಂದು ರೂಪಾಯಿಯೂ ಬೇಡ. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ 60 ಹರ್ಟ್ಸನ್ನು 30ಕ್ಕೆ ಇಳಿಸಿ. ತಂತಿಯ ಹೊರೆ ಅರ್ಧವಾಗುತ್ತದೆ. ಮೌಸ್ ಕುಂಟುತ್ತದೆ ನಿಜ, ಆದರೆ ಒಂದು ದಿನ ಸಹಿಸಿಕೊಳ್ಳಿ. ಕತ್ತಲು ಮಾಯವಾದರೆ ಪ್ರೀಮಿಯಂ ಹೈಸ್ಪೀಡ್ ಪ್ರಮಾಣಪತ್ರದ ಚೀಟಿಯಿರುವ, ಮೇಜಿಗೆ ಸಾಕಾಗುವಷ್ಟೇ ಉದ್ದದ ಕೇಬಲ್ ಕೊಳ್ಳಿ. ಚಿನ್ನದ ಲೇಪ, ಬಣ್ಣದ ಹೆಣಿಗೆಗೆ ದುಡ್ಡು ಸುರಿಯಬೇಡಿ.

ಕುರ್ಚಿಯಿಂದ ಎದ್ದಾಗಲೆಲ್ಲ ಪರದೆ ಕಪ್ಪಾಗುತ್ತದೆ ಎನ್ನುವವರನ್ನು ನೋಡಿ ದಯವಿಟ್ಟು ನಗಬೇಡಿ. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಯಿಂದ ಏಳುವಾಗ, ಕೂರುವಾಗ ಸ್ಥಿರ ವಿದ್ಯುತ್ತು ಸಿಡಿದು ಸಣ್ಣ ವಿದ್ಯುತ್ಕಾಂತೀಯ ಅಲೆ ಏಳುತ್ತದೆ. ವಿಡಿಯೊ ಕೇಬಲ್ ಆಂಟೆನಾದಂತೆ ಅದನ್ನು ಹಿಡಿದುಕೊಳ್ಳುತ್ತದೆ, ಮಾನಿಟರ್ ಲಯ ತಪ್ಪುತ್ತದೆ. ಮಾನಿಟರ್ ಜೋಡಿಸುವ ತಂತ್ರಜ್ಞಾನದ ಡಿಸ್‌ಪ್ಲೇಲಿಂಕ್ ಕಂಪನಿ ತನ್ನ ಗ್ರಾಹಕರಿಗೆ ಇದನ್ನು ಬರೆದೇ ತಿಳಿಸಿದೆ. ಗಾಳಿ ಒಣಗಿದಾಗ ಈ ಕಾಟ ಜಾಸ್ತಿ. ಕರಾವಳಿಯ ತೇವಕ್ಕಿಂತ ಬಯಲುಸೀಮೆಯ ಫೆಬ್ರುವರಿ, ಮಾರ್ಚಿನಲ್ಲಿ ಇದನ್ನು ನಿರೀಕ್ಷಿಸಬಹುದು. ಕೇಬಲ್ಲಿನ ತುದಿಗೆ ಫೆರೈಟ್ ಉಂಗುರ ಹಾಕಿ, ಕೇಬಲ್ಲನ್ನು ಕುರ್ಚಿಯಿಂದ ದೂರ ಸರಿಸಿ. ಕೇಬಲ್ ಒಳಗಿನ ಲೋಹದ ಕವಚ ತೆಳುವಾಗಿದ್ದರೆ ಕೇಬಲ್ಲನ್ನೇ ಬದಲಿಸಬೇಕಾಗುತ್ತದೆ.

ಇನ್ನು ವಿಂಡೋಸ್ ಮೇಲಿನ ಆರೋಪ. ವಿಸ್ಟಾ ಕಾಲದಿಂದಲೂ ವಿಂಡೋಸ್, ಗ್ರಾಫಿಕ್ಸ್ ಚಿಪ್ಪು ಎರಡು ಸೆಕೆಂಡು ಉತ್ತರ ಕೊಡದಿದ್ದರೆ ಅದನ್ನು ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಆಗಲೂ ಪರದೆ ಕಪ್ಪಾಗುತ್ತದೆ. ಆದರೆ ವಿಂಡೋಸ್‌ನದೇ ಈವೆಂಟ್ ವ್ಯೂವರ್‌ನಲ್ಲಿ 4101 ಎಂಬ ಸಂಖ್ಯೆಯ ದಾಖಲೆ ಸಾಮಾನ್ಯವಾಗಿ ಉಳಿದಿರುತ್ತದೆ. ಕತ್ತಲಾದ ಗಳಿಗೆಯನ್ನು ಗುರುತು ಹಾಕಿಕೊಂಡು ಅಲ್ಲಿ ತಾಳೆ ನೋಡಿ. ಸಮಯ ಹೊಂದಿದರೆ ಡ್ರೈವರ್ ಬದಲಿಸಿ, ಕಾರ್ಡಿನ ಬಿಸಿ ನೋಡಿ. ದಾಖಲೆಯೇ ಇಲ್ಲವೆಂದರೆ ವಿಂಡೋಸ್ ತೆಗೆದುಹಾಕುವ ಮಾತನ್ನು ಸದ್ಯಕ್ಕೆ ಬಿಡಿ.

ಸಿನಿಮಾ ಪೂರ್ಣಪರದೆಗೆ ಹೋಗುವಾಗ ಒಮ್ಮೆ ಕಪ್ಪಾಗುವುದು ಸಹಜ, ಅದು ಕಾಯಿಲೆಯಲ್ಲ.

ಲ್ಯಾಪ್‌ಟಾಪಾದರೆ ಮುಚ್ಚಳವನ್ನು ನಿಧಾನ ಹಿಂದೆ ಮುಂದೆ ಆಡಿಸಿ. ಒಂದೇ ಕೋನದಲ್ಲಿ ಕಪ್ಪಾಗುತ್ತಿದ್ದರೆ ಕೀಲಿನೊಳಗೆ ಹಾದುಹೋಗುವ ತಂತಿ ಸವೆದಿರಬಹುದು. ಕೈಯಿಟ್ಟಾಗ ಮಾತ್ರ ಕಪ್ಪಾಗುತ್ತಿದ್ದರೆ ನಿಮ್ಮ ವಾಚಿನ ಪಟ್ಟಿ ನೋಡಿಕೊಳ್ಳಿ. ಮುಚ್ಚಳ ಮುಚ್ಚಿದೆ ಎಂದು ಹಲವು ಲ್ಯಾಪ್‌ಟಾಪುಗಳು ತಿಳಿಯುವುದು ಅಯಸ್ಕಾಂತದಿಂದ. ಪಟ್ಟಿಯಲ್ಲಿ ಅಯಸ್ಕಾಂತವಿದ್ದರೆ ಅದೇ ಸಾಕು.